ಮಾಡ್ಯೂಲ್ ಒಳಗಿದ್ದರೂ ಹೊರಗೆ ಎಫ್‌ಸಿಸಿ ಗುರುತು ಬೇಕು

ಅಮೆರಿಕಕ್ಕೆ ಕಳುಹಿಸುವ ತೇವಾಂಶಮಾಪಕದಲ್ಲಿ ಈಗಾಗಲೇ ಪ್ರಮಾಣೀಕೃತವಾದ ವೈ-ಫೈ ಮಾಡ್ಯೂಲ್ (ನಿಸ್ತಂತು ಸಂಪರ್ಕದ ಸಿದ್ಧ ಬಿಡಿಭಾಗ) ಇರುವಾಗ ಹೊರಕವಚದ ಮೇಲೂ ಬರಹ ಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಕು. ಮಾಡ್ಯೂಲಿನ ಲೋಹದ ಮುಚ್ಚಳದ ಮೇಲಿರುವ ಎಫ್‌ಸಿಸಿ ಐಡಿ (ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಯ ಪ್ರಮಾಣೀಕರಣದ ಗುರುತುಸಂಖ್ಯೆ) ಕವಚ ಮುಚ್ಚಿದ ಮೇಲೆ ಕಾಣಿಸದಿದ್ದರೆ, ‘ಕಂಟೇನ್ಸ್ ಎಫ್‌ಸಿಸಿ ಐಡಿ’ ಎಂಬ ಪದಗಳನ್ನೂ ಅವುಗಳ ಮುಂದೆ ಅದೇ ಐಡಿಯನ್ನೂ ಇಂಗ್ಲಿಷಿನಲ್ಲಿ ಹೊರಮೈ ಮೇಲೆ ಅಳಿಸಿಹೋಗದಂತೆ ನಮೂದಿಸಬೇಕೆಂದು ಎಫ್‌ಸಿಸಿಯ 15.212ನೇ ನಿಯಮ ಹೇಳುತ್ತದೆ. ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ಗೊಂದಲವಾಗುವುದು ಸಾಮಾನ್ಯವಾದ್ದರಿಂದ, ದಯವಿಟ್ಟು ಮಾಡ್ಯೂಲನ್ನೇ ಬೆಳಕಿಗೆ ಹಿಡಿದು, ಅಕ್ಷರಕ್ಕೆ ಅಕ್ಷರ ತಾಳೆ ನೋಡಿಯೇ ಅಚ್ಚಿಗೆ ಕೊಡಿ.

ಇನ್ನು ರೇಡಿಯೋ ಹಸ್ತಕ್ಷೇಪದ ಕುರಿತ ಎರಡು ಷರತ್ತುಗಳ (ಉಪಕರಣ ಹಾನಿಕಾರಕ ಹಸ್ತಕ್ಷೇಪ ಉಂಟುಮಾಡಬಾರದು, ತನಗೆ ಬರುವ ಹಸ್ತಕ್ಷೇಪವನ್ನು ಸಹಿಸಿಕೊಳ್ಳಬೇಕು ಎಂಬ) ಹೇಳಿಕೆಯ ಮಾತು: ಬೆಂಕಿಪೊಟ್ಟಣದಷ್ಟು ಚಿಕ್ಕದಾದ, ಪರದೆಯೂ ಇಲ್ಲದ ನಿಮ್ಮ ಉಪಕರಣದಲ್ಲಿ ಅದು 4 ಪಾಯಿಂಟ್ ಅಕ್ಷರದಲ್ಲೂ ಹಿಡಿಸದಿದ್ದರೆ, ಅದನ್ನು ಕೈಪಿಡಿಯಲ್ಲಿ ಕೊಟ್ಟು, ಜೊತೆಗೆ ಪೊಟ್ಟಣದ ಮೇಲೋ ಉಪಕರಣಕ್ಕೆ ಅಂಟಿಸಿದ, ಕಿತ್ತು ತೆಗೆಯಬಹುದಾದ ಚೀಟಿಯ ಮೇಲೋ ಮುದ್ರಿಸಬೇಕು.