ಆಲ್ಬಂ ಕೊಟ್ಟ ಮೇಲಲ್ಲ, ಅಡ್ವಾನ್ಸ್ ಬಂದಾಗಲೇ ತೆರಿಗೆ

ಓದುಗರ ಪ್ರಶ್ನೆ: ಈ ಸಲ ಫೋಟೊ ಸ್ಟುಡಿಯೊ ಮತ್ತು ಜಿಎಸ್‌ಟಿ

ಪ್ರಶ್ನೆ: ತುಮಕೂರಿನಲ್ಲಿ ನನ್ನದೊಂದು ಸ್ಟುಡಿಯೊ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೊ ಎಲ್ಲ ಮಾಡುತ್ತೇನೆ, ಫ್ರೇಮ್ ಕೂಡ ಮಾರುತ್ತೇನೆ. 40 ಲಕ್ಷದವರೆಗೆ ಜಿಎಸ್‌ಟಿ ಬೇಡ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಖರ್ಚೆಲ್ಲ ಕಳೆದು ನನಗೆ ಉಳಿಯುವುದು 8 ಲಕ್ಷವೂ ಇಲ್ಲ. ಯುಪಿಐಗೆ ಬಂದ ಹಣ ನೋಡಿ ನೋಟಿಸ್ ಕಳಿಸುತ್ತಾರಂತೆ, ಹೌದೇ?

ಉತ್ತರ: 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ. ಫೋಟೊ ತೆಗೆಯುವುದು ಸೇವೆ. ಜೊತೆಗೆ ಫ್ರೇಮ್ ಮಾರಿದರೂ ನಿಮ್ಮ ಮಿತಿ 20 ಲಕ್ಷವೇ. ಅದೂ ಲಾಭದ ಲೆಕ್ಕವಲ್ಲ, ವಹಿವಾಟಿನ ಲೆಕ್ಕ. 50 ಸಾವಿರದ 45 ಮದುವೆ ಮಾಡಿದರೆ 22.5 ಲಕ್ಷವಾಯಿತು. ಅದರಲ್ಲಿ ಕ್ಯಾಂಡಿಡ್‌ನವರಿಗೆ, ಡ್ರೋನ್‌ನವರಿಗೆ, ಲ್ಯಾಬಿಗೆ ಎಷ್ಟು ಹೋಯಿತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಂದೇ ಪ್ಯಾನ್‌ನಡಿ ಬಂದದ್ದೆಲ್ಲ ಕೂಡುತ್ತದೆ. ನಿಮ್ಮ ಹೆಸರಿನ ಮಳಿಗೆಯಿಂದ ಬಾಡಿಗೆ ಬರುತ್ತಿದ್ದರೆ ಅದೂ ಸೇರುತ್ತದೆ.

ಯುಪಿಐ ವಿಷಯ ಹೌದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿಯೇ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಆದರೆ ಜಮೆಯೆಲ್ಲ ವಹಿವಾಟಲ್ಲ. ತಮ್ಮ ಕಳಿಸಿದ ಕೈಸಾಲ, ಚೀಟಿ ಎತ್ತಿದ ದುಡ್ಡು ಬೇರೆ. ಅದನ್ನು ತೋರಿಸಿಕೊಡಬೇಕಾದವರು ಮಾತ್ರ ನೀವು. ಸ್ಟುಡಿಯೊಗೆಂದೇ ಪ್ರತ್ಯೇಕ ಖಾತೆ, ಪ್ರತ್ಯೇಕ ಕ್ಯುಆರ್ ಇಟ್ಟುಕೊಳ್ಳಿ. ಬುಕಿಂಗ್ ಡೈರಿಯಲ್ಲಿ ತಾರೀಖು, ಗಿರಾಕಿ, ಮೊತ್ತ, ನಗದೋ ಯುಪಿಐಯೋ ಎಂದು ಬರೆಯಿರಿ. ಕ್ಯುಆರ್ ಕಿತ್ತುಹಾಕಿ ನಗದು ಮಾತ್ರ ತೆಗೆದುಕೊಂಡರೆ ಬಚಾವು ಎಂಬ ಎಣಿಕೆ ಬೇಡ. ನಗದೂ ವಹಿವಾಟೇ.

20 ಲಕ್ಷ ದಾಟಿದ ದಿನದಿಂದ 30 ದಿನದೊಳಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪ್ಯಾನ್, ಆಧಾರ್, ನಿಮ್ಮ ಫೋಟೊ, ಬಾಡಿಗೆ ಕರಾರು, ಅಂಗಡಿಯ ಕರೆಂಟ್ ಬಿಲ್ ಸಾಕು. ಸರ್ಕಾರಿ ಶುಲ್ಕ ಇಲ್ಲ. ಗಡುವಿನೊಳಗೆ ಹಾಕಿದರೆ ಮಿತಿ ದಾಟಿದ ದಿನದಿಂದಲೇ ನೋಂದಣಿ ಸಿಗುತ್ತದೆ. ತಡಮಾಡಿದರೆ ನಡುವಿನ ಅವಧಿಯ ತೆರಿಗೆ ಕಟ್ಟಲೇಬೇಕು, ಆದರೆ ಗಿರಾಕಿಯಿಂದ ವಸೂಲು ಮಾಡುವ ಕಾಲ ಮೀರಿರುತ್ತದೆ. ನೋಂದಣಿ ಆಗುವ ಮುಂಚೆಯೇ ಬಿಲ್ಲಿನಲ್ಲಿ ‘ಜಿಎಸ್‌ಟಿ’ ಎಂದು ಬರೆದು ಹಣ ತೆಗೆದುಕೊಳ್ಳುವುದು ಇನ್ನೂ ದೊಡ್ಡ ತಪ್ಪು, ಅದಕ್ಕೆ ದಂಡವಿದೆ.

ಪ್ರಶ್ನೆ: ಹೊಸದಾಗಿ ನೋಂದಣಿ ಮಾಡಿಸಿದ್ದೇನೆ. ಮದುವೆ ಆರ್ಡರಿಗೆ ಫೆಬ್ರವರಿಯಲ್ಲಿ ಅಡ್ವಾನ್ಸ್, ಮೇನಲ್ಲಿ ಮದುವೆ, ಆಲ್ಬಂ ಕೊಡುವುದು ಆಗಸ್ಟಿನಲ್ಲಿ. ತೆರಿಗೆ ಯಾವಾಗ ಕಟ್ಟಬೇಕು? — ಶಿವಮೊಗ್ಗದ ಓದುಗರು

ಉತ್ತರ: ಹಣ ಕೈಗೆ ಬಂದಾಗಲೆಲ್ಲ. ಸರಕಿನ ಅಡ್ವಾನ್ಸಿಗೆ ಜಿಎಸ್‌ಟಿ ಇಲ್ಲ, ಸೇವೆಯ ಅಡ್ವಾನ್ಸಿಗೆ ಇದೆ. ಮದುವೆ ಫೋಟೊದವರು ಹೆಚ್ಚಾಗಿ ಎಡವುವುದು ಇಲ್ಲೇ. ‘ಆಲ್ಬಂ ಸರಕಲ್ಲವೇ’ ಎಂದು ಕೇಳಬಹುದು. ಪ್ಯಾಕೇಜಿನಲ್ಲಿ ಮುಖ್ಯವಾದದ್ದು ಫೋಟೊ ತೆಗೆಯುವ ಕೆಲಸ, ಆಲ್ಬಂ ಅದರ ಬೆನ್ನಿಗೆ ಬಂದದ್ದು. ಹಾಗಾಗಿ ಇಡೀ ಪ್ಯಾಕೇಜಿಗೆ ಶೇ 18, ಅಂದರೆ ಕೇಂದ್ರಕ್ಕೆ 9, ರಾಜ್ಯಕ್ಕೆ 9. ಬಿಲ್ಲಿನಲ್ಲಿ ಸಮಾರಂಭದ ಫೋಟೊ, ವಿಡಿಯೊಗೆ ಕೋಡ್ 998383.

ಪ್ಯಾಕೇಜ್ 1,00,000, ತೆರಿಗೆ 18,000 ಎಂದುಕೊಳ್ಳಿ. ಫೆಬ್ರವರಿಯಲ್ಲಿ 29,500 ಬಂತು. ಇದರಲ್ಲಿ ತೆರಿಗೆ ಒಳಗೇ ಇದೆ. 118ರಿಂದ ಭಾಗಿಸಿ 18ರಿಂದ ಗುಣಿಸಿದರೆ 4,500. ಗಿರಾಕಿಗೆ ರಸೀದಿ ವೋಚರ್ ಕೊಡಿ, ಆ ತಿಂಗಳ ಜಿಎಸ್‌ಟಿಆರ್-1ರ (ಮಾರಾಟದ ವಿವರ ಕೊಡುವ ರಿಟರ್ನ್) 11ಎ ಕೋಷ್ಟಕದಲ್ಲಿ 25,000 ತೋರಿಸಿ, 4,500 ಕಟ್ಟಿ. ಮದುವೆ ಮನೆಯಲ್ಲಿ 59,000 ಕೊಟ್ಟರು, ಮೇ ಲೆಕ್ಕದಲ್ಲಿ 50,000ಕ್ಕೆ 9,000. ಆಗಸ್ಟಿನಲ್ಲಿ ಆಲ್ಬಂ ಕೊಟ್ಟು ಕೊನೆಯ 29,500 ಪಡೆದಾಗ ಪೂರ್ತಿ 1,18,000ಕ್ಕೆ ಬಿಲ್ ಬರೆಯುತ್ತೀರಿ. ಹಿಂದೆ ತೆರಿಗೆ ಕಟ್ಟಿದ 75,000ವನ್ನು 11ಬಿ ಕೋಷ್ಟಕದಲ್ಲಿ ಕಳೆಯಬೇಕು. ಉಳಿಯುವುದು 4,500. ಈ 11ಬಿ ಮರೆತವರು ಒಂದೇ ಮದುವೆಗೆ ಎರಡು ಸಲ ತೆರಿಗೆ ಕಟ್ಟಿರುತ್ತಾರೆ.

ಮದುವೆ ಮುರಿದುಬಿದ್ದು ಅಡ್ವಾನ್ಸ್ ವಾಪಸ್ ಕೊಟ್ಟರೆ ಮರುಪಾವತಿ ವೋಚರ್ ಬರೆದು ಹೊಂದಿಸಿಕೊಳ್ಳಬಹುದು. ಬುಕಿಂಗ್ ತಪ್ಪಿದ್ದಕ್ಕೆಂದು ನೀವೇ ಇಟ್ಟುಕೊಂಡ ಹಣಕ್ಕೆ ಶೇ 18 ತಪ್ಪುವುದಿಲ್ಲ.

ಕೊಟೇಶನ್‌ನಲ್ಲೇ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಬರೆಯಿರಿ. ಬಾಯಿಮಾತಲ್ಲಿ ಒಂದು ಲಕ್ಷಕ್ಕೆ ಒಪ್ಪಿಕೊಂಡು, ಆಮೇಲೆ ಮೇಲೆ 18 ಸಾವಿರ ಕೇಳಿದರೆ ಹುಡುಗಿಯ ತಂದೆ ಕೊಡುತ್ತಾರೆಯೇ? ಆಗ ಆ ಲಕ್ಷದೊಳಗಿಂದಲೇ 15,254 ರೂಪಾಯಿ ತೆರಿಗೆಗೆ ಹೋಗುತ್ತದೆ.

ರಿಟರ್ನ್ ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಆಯ್ಕೆ ಇದೆ. ಆದರೆ ತ್ರೈಮಾಸಿಕದ ಮೊದಲೆರಡು ತಿಂಗಳ ತೆರಿಗೆ ಮುಂದಿನ ತಿಂಗಳ 25ರೊಳಗೆ ಹೋಗಬೇಕು. ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 13 ಜಿಎಸ್‌ಟಿಆರ್-1ಕ್ಕೆ ಗಡುವು, 22 ಕರ್ನಾಟಕದವರ 3ಬಿಗೆ (ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್). ತಡವಾದರೆ ದಿನಕ್ಕೆ 50 ರೂಪಾಯಿ, ವಹಿವಾಟೇ ಇಲ್ಲದಿದ್ದರೆ 20. ಆಷಾಢದಲ್ಲಿ ಕೆಲಸವಿಲ್ಲ ಎಂದು ರಿಟರ್ನ್ ಬಿಡುವಂತಿಲ್ಲ.

ಪ್ರಶ್ನೆ: ಕಾಂಪೊಸಿಷನ್‌ಗೆ (ವಹಿವಾಟಿನ ಮೇಲೆ ಒಂದೇ ದರದಲ್ಲಿ ತೆರಿಗೆ ಕಟ್ಟುವ ಸರಳ ಯೋಜನೆ) ಹೋದರೆ ಶೇ 6 ಕಟ್ಟಿದರೆ ಸಾಕಂತೆ. ಹೋಗಬಹುದೇ? — ಹುಬ್ಬಳ್ಳಿ

ಉತ್ತರ: ನಿಮ್ಮ ಗಿರಾಕಿಗಳು ಯಾರು ಎಂಬುದರ ಮೇಲಿದೆ. ಹಿಂದಿನ ವರ್ಷದ ವಹಿವಾಟು 50 ಲಕ್ಷ ಮೀರಿರಬಾರದು. ಗಿರಾಕಿಯಿಂದ ತೆರಿಗೆ ಬೇರೆ ಕೇಳುವಂತಿಲ್ಲ, 60,000ದ ಆರ್ಡರಿಗೆ 3,600 ನಿಮ್ಮ ಜೇಬಿನಿಂದ. ಲ್ಯಾಬ್ ಬಿಲ್ಲಿನ ತೆರಿಗೆ, ಹೊಸ ಲೆನ್ಸಿನ ತೆರಿಗೆ ಯಾವುದೂ ವಾಪಸ್ ಬರುವುದಿಲ್ಲ. ತೆರಿಗೆ ಕಟ್ಟುವುದು ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ನೇ ತಾರೀಖಿನೊಳಗೆ, ರಿಟರ್ನ್ ವರ್ಷಕ್ಕೊಂದು. ಊರಿನ ಮದುವೆ, ಉಪನಯನಗಳೇ ಹೆಚ್ಚಿದ್ದರೆ ಇದೇ ಹಗುರ. ಹೋಟೆಲ್, ಕಂಪನಿ, ಜಾಹೀರಾತಿನ ಕೆಲಸವಿದ್ದರೆ ಬೇಡ. ಅವರಿಗೆ ತೆರಿಗೆ ಬಿಲ್ಲೇ ಬೇಕು, ನಿಮ್ಮಿಂದ ತೆರಿಗೆ ನಮೂದಿಸದ ‘ಬಿಲ್ ಆಫ್ ಸಪ್ಲೈ’ ಮಾತ್ರ ಸಿಗುತ್ತದೆ. ಇನ್ನೊಂದು ಅಡ್ಡಿ, ಕಾಂಪೊಸಿಷನ್‌ನಲ್ಲಿದ್ದು ಹೊರರಾಜ್ಯಕ್ಕೆ ಸೇವೆ ಕೊಡುವಂತಿಲ್ಲ. ಈಗಾಗಲೇ ಸಾಮಾನ್ಯ ನೋಂದಣಿಯಲ್ಲಿದ್ದರೆ ಹೊಸ ಆರ್ಥಿಕ ವರ್ಷ ಶುರುವಾಗುವ ಮುಂಚೆ ಸಿಎಂಪಿ-02 ನಮೂನೆ ಸಲ್ಲಿಸಬೇಕು.

ಪ್ರಶ್ನೆ: ಅಮೆರಿಕದಲ್ಲಿರುವ ಕುಟುಂಬವೊಂದು ಮಂಗಳೂರಿಗೆ ಬಂದಾಗ ಫೋಟೊ ತೆಗೆಸಿಕೊಂಡು ಡಾಲರಿನಲ್ಲಿ ಹಣ ಕೊಡುತ್ತದೆ. ಇದು ರಫ್ತಲ್ಲವೇ?

ಉತ್ತರ: ಅಲ್ಲ. ಅವರು ಇಲ್ಲೇ ಎದುರಿಗೆ ನಿಂತು ಪಡೆದ ಸೇವೆ, ಶೇ 18 ಇದೆ. ಅಲ್ಲಿನ ಫೋಟೊಗ್ರಾಫರ್ ಕಳಿಸಿದ ಫೈಲುಗಳನ್ನು ನೀವು ಇಲ್ಲಿ ಕೂತು ಎಡಿಟ್ ಮಾಡಿ ಡಾಲರ್ ಪಡೆದರೆ ಅದು ರಫ್ತು. ನೋಂದಾಯಿತರು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿ ತೆರಿಗೆ ಇಲ್ಲದೆ ಬಿಲ್ ಮಾಡಬಹುದು. 20 ಲಕ್ಷದ ಲೆಕ್ಕಕ್ಕೆ ಮಾತ್ರ ಈ ಹಣವೂ ಸೇರುತ್ತದೆ.

ಪ್ರಶ್ನೆ: ನೋಂದಣಿಗೆ ಎರಡು ತಿಂಗಳು ಮೊದಲು 2 ಲಕ್ಷದ ಕ್ಯಾಮೆರಾ ಕೊಂಡೆ. ಅದರ ತೆರಿಗೆ ಸಿಗುತ್ತದೆಯೇ? — ಹಾಸನ

ಉತ್ತರ: ಇಲ್ಲ. ಹೊಸ ನೋಂದಣಿಯವರಿಗೆ ಹಳೆಯ ಕ್ಯಾಮೆರಾ, ಲೆನ್ಸ್, ಕಂಪ್ಯೂಟರಿನ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುವುದು) ಸಿಗುವುದಿಲ್ಲ. ಅಂಗಡಿಯಲ್ಲಿ ಉಳಿದಿರುವ ಫೋಟೊ ಪೇಪರ್, ಇಂಕ್, ಆಲ್ಬಂ ದಾಸ್ತಾನಿಗೆ ಸಿಗುತ್ತದೆ. ಬಿಲ್ ವರ್ಷದೊಳಗಿನದಾಗಿರಬೇಕು, ನೋಂದಣಿಯಾದ 30 ದಿನದೊಳಗೆ ಐಟಿಸಿ-01 ನಮೂನೆ ಸಲ್ಲಿಸಬೇಕು. ಮಿತಿ ದಾಟುವ ಅಂದಾಜಿದ್ದರೆ ನೋಂದಣಿ ಮೊದಲು, ಕ್ಯಾಮೆರಾ ಆಮೇಲೆ. ಕೊಳ್ಳುವಾಗ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಬರೆಸಿಕೊಳ್ಳಿ. ತೆರಿಗೆಯ ಭಾಗಕ್ಕೂ ಆದಾಯ ತೆರಿಗೆಯಲ್ಲಿ ಸವಕಳಿ ಹಾಕಿದರೆ ಈ ಕ್ರೆಡಿಟ್ ಹೋಗುತ್ತದೆ, ಆಡಿಟರಿಗೆ ಮೊದಲೇ ಹೇಳಿಡಿ.

ನೀವು ಕೇಳದ ಒಂದು ವಿಷಯ. ನಿಮ್ಮ ಅಂಗಡಿ ಬಾಡಿಗೆಯದ್ದಾಗಿದ್ದು ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ, 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ 18 ನೋಂದಾಯಿತರಾದ ನೀವೇ ಕಟ್ಟಬೇಕು. 15,000 ಬಾಡಿಗೆಗೆ 2,700, ಅದೂ ಕ್ರೆಡಿಟ್‌ನಿಂದಲ್ಲ, ನಗದು ಲೆಡ್ಜರ್‌ನಿಂದ (ಪೋರ್ಟಲ್‌ನಲ್ಲಿ ನೀವು ಹಣ ತುಂಬುವ ಖಾತೆ). ಕಟ್ಟಿದ್ದನ್ನು ಅದೇ 3ಬಿಯಲ್ಲಿ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದು. ಕಾಂಪೊಸಿಷನ್‌ನವರಿಗೆ ಬಾಡಿಗೆಯ ಈ ತೆರಿಗೆಯೇ ಇಲ್ಲ.