ಮೊಡವೆ ಗುಳಿಗಳಿಗೆ ಲೇಸರ್ ಒಳ್ಳೆಯದಾ, ಮೈಕ್ರೋನೀಡ್ಲಿಂಗ್ ಒಳ್ಳೆಯದಾ?

ಗುಳಿ ಜೊತೆ ಕಂದು ಕಲೆಯೂ ಇದೆ, ಲೇಸರ್ ಮಾಡಿಸಲಾ, ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಚಿಕಿತ್ಸೆ) ಮಾಡಿಸಲಾ ಅಂತ ಕೇಳಿದ್ದೀರಿ. ಅಕ್ಕನ ಮದುವೆಗೆ ಮುಂಚೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಬೆಂಗಳೂರಿನ ಕ್ಲಿನಿಕ್‌ಗಳನ್ನು ಸುತ್ತಿದ್ದೆ. ಪ್ರಶ್ನೆಯೇ ಸರಿಯಿಲ್ಲ, ಗುಳಿ ಯಾವ ಬಗೆಯದು ಅಂತ ಮೊದಲು ನೋಡಬೇಕು ಅಂತ ಆಗ ಯಾರೂ ಹೇಳಲಿಲ್ಲ. ಒಂದು ಕಡೆ ಲೇಸರ್ ಪ್ಯಾಕೇಜ್ ಅಂತ ಪೂರ್ತಿ ದುಡ್ಡು ಮುಂಗಡವಾಗಿ ಕಟ್ಟಿಸಿಕೊಂಡರು.

ಗದ್ದದ ಹತ್ತಿರ ಇನ್ನೂ ಹಸಿ ಮೊಡವೆಗಳಿದ್ದರೂ ಲೇಸರ್ ಮಾಡಿಬಿಟ್ಟರು. ಅದು ಹಾಗಿರಲಿ, ನನ್ನನ್ನು ಕೆಡಿಸಿದ್ದು ಬಿಸಿಲು. ಹಕ್ಕಳೆ ಉದುರಿ ಚರ್ಮ ನುಣ್ಣಗೆ ಕಂಡಿತು, ವಾಸಿಯಾಯ್ತು ಅಂದುಕೊಂಡೆ. ಮಾರ್ಚ್ ತಿಂಗಳು, ದಿನಾ ಸ್ಕೂಟರ್ ಓಡಾಟ. ಹೆಲ್ಮೆಟ್ ಇದೆಯಲ್ಲ, ಸನ್‌ಸ್ಕ್ರೀನ್ ಯಾಕೆ ಅಂತ ಬಿಟ್ಟೆ. ಸೆಕೆ ಅಂತ ಹೆಲ್ಮೆಟ್ ಗಾಜು ಬೇರೆ ಎತ್ತಿರುತ್ತಿದ್ದೆ! ನಮ್ಮ ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಜಾಸ್ತಿ. ಲೇಸರ್ ಅಂದರೆ ಶಾಖದಿಂದ ಬೇಕಂತಲೇ ಮಾಡುವ ಗಾಯ. ಗಾಯಕ್ಕೇ ಈ ಚರ್ಮ ಕಪ್ಪಾಗುತ್ತದೆ, ಅದರ ಮೇಲೆ ಬಿಸಿಲು ಬಿದ್ದರೆ ಕೇಳೋದೇ ಬೇಡ. ಕೆನ್ನೆಯಲ್ಲಿ ಕಂದು ಚೌಕಗಳು ಮೂಡಿದವು, ಮಷೀನ್ ಎಲ್ಲೆಲ್ಲಿ ಇಟ್ಟಿದ್ದರೋ ಅದೇ ಅಚ್ಚು. ಮದುವೆ ಫೋಟೋಗಳಲ್ಲಿ ಗುಳಿಗಿಂತ ಅವೇ ಎದ್ದು ಕಾಣುತ್ತವೆ. ಮಾಸೋಕೆ ತಿಂಗಳುಗಟ್ಟಲೆ ಬೇಕಾಯ್ತು.

ಆಮೇಲೆ ಹೋದ ಚರ್ಮದ ಡಾಕ್ಟರ್ ಮಷೀನಿನ ಮಾತೇ ಎತ್ತಲಿಲ್ಲ. ಕಿಟಕಿ ಪಕ್ಕ ಕೂರಿಸಿ ಬೆರಳಿಂದ ಕೆನ್ನೆ ಎಳೆದು ನೋಡಿದರು. ಎಳೆದಾಗ ಸಮವಾಗುವ ಅಗಲ ಹಳ್ಳಗಳು ರೋಲಿಂಗ್. ಒಳಗಿನ ನಾರು ಚರ್ಮವನ್ನು ಕೆಳಕ್ಕೆ ಹಿಡಿದಿರುತ್ತದೆ, ಸೂಜಿ ಹಾಕಿ ಅದನ್ನು ಕತ್ತರಿಸಬೇಕು. ಅದೇ ಸಬ್‌ಸಿಷನ್. ಮರಗಟ್ಟಿಸಿದ್ದರಿಂದ ನನಗೆ ನೋವಾಗಲಿಲ್ಲ, ಆದರೆ ನಾರು ಕತ್ತರಿಸುವ ಕರಕರ ಸದ್ದು ಚೆನ್ನಾಗೇ ಕೇಳಿಸಿತು. ಆಮೇಲೆ ಊತ, ನೀಲಿ ಗುರುತು. ಸೂಜಿಮೊನೆಯಂಥ ಆಳ ತೂತುಗಳು ಐಸ್‌ಪಿಕ್. ಅದಕ್ಕೆ ಟಿಸಿಎ ಕ್ರಾಸ್: ಕಡ್ಡಿ ತುದಿಯಿಂದ ಟಿಸಿಎ ಅನ್ನೋ ಗಾಢವಾದ ಆಸಿಡ್ಡನ್ನು ತೂತಿನೊಳಗೆ ಮಾತ್ರ ಮುಟ್ಟಿಸುತ್ತಾರೆ, ನೋಡನೋಡುತ್ತಲೇ ಆ ಜಾಗ ಬೆಳ್ಳಗಾಗುತ್ತದೆ. ಇದನ್ನು ಆನ್‌ಲೈನಲ್ಲಿ ತರಿಸಿ ಮನೆಯಲ್ಲಿ ಮಾಡಲು ಹೋಗಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ.

ಮೈಕ್ರೋನೀಡ್ಲಿಂಗ್ ಮೇಲುಮೇಲಿನ ಗುಳಿಗಳಿಗೆ ಸರಿ. ನಮ್ಮ ಬಣ್ಣಕ್ಕೆ ಲೇಸರ್‌ಗಿಂತ ಕಪ್ಪಾಗುವ ಭಯವೂ ಕಡಿಮೆ. ಆಳದ ಐಸ್‌ಪಿಕ್‌ಗೆ ಅದನ್ನೊಂದನ್ನೇ ನಂಬಿ ಕೂತರೆ ಸುಮ್ನೆ ದುಡ್ಡು ದಂಡ.

ಕಂದು ಕಲೆಯೂ ಇದೆ ಅಂದಿದ್ದೀರಿ. ಮುಟ್ಟಿ ನೋಡಿ. ಸಮ ಇದ್ದರೆ ಅದು ಗುಳಿಯೇ ಅಲ್ಲ, ಅದಕ್ಕೆ ಲೇಸರ್ ಯಾಕೆ? ಎಸ್‌ಪಿಎಫ್ 30ಕ್ಕೆ ಕಮ್ಮಿಯಿಲ್ಲದ ಸನ್‌ಸ್ಕ್ರೀನ್, ಡಾಕ್ಟರ್ ಬರೆದುಕೊಟ್ಟರೆ ಅಜೆಲಾಯಿಕ್ ಆಸಿಡ್ ಕ್ರೀಮ್, ಇಷ್ಟಕ್ಕೇ ನಿಧಾನವಾಗಿ ಮಾಸುತ್ತದೆ. ಮೆಡಿಕಲ್ ಶಾಪಿನವರು ಕೊಡುವ ಸ್ಟೆರಾಯ್ಡ್ ಕ್ರೀಮ್ ಮಾತ್ರ ಬೇಡ. ಅದರಿಂದಲೇ ಮೊಡವೆ ಏಳುತ್ತವೆ.

ಹೊಸ ಮೊಡವೆ ಇನ್ನೂ ಬರುತ್ತಿದ್ದರೆ ಗುಳಿಯ ಚಿಂತೆ ಆಮೇಲೆ, ಮೊದಲು ಅದನ್ನು ನಿಲ್ಲಿಸಿಕೊಳ್ಳಿ. 'ನೂರಕ್ಕೆ ನೂರು ಹೋಗುತ್ತೆ' ಅಂದವರ ಕೈಗೆ ದುಡ್ಡು ಕೊಡಬೇಡಿ. ನನ್ನವು ಅರ್ಧಕ್ಕಿಂತ ಜಾಸ್ತಿ ತುಂಬಿವೆ, ಪಕ್ಕದಿಂದ ಬೆಳಕು ಬಿದ್ದರೆ ಉಳಿದವು ಈಗಲೂ ಕಾಣುತ್ತವೆ.