ತಟ್ಟಿ ನೋಡದೆ ಹಲಸು ತಿಳಿಯದು

ಓದುಗರ ಪತ್ರ: "ಟೆಂಪಲ್-1 ಧೂಮಕೇತುವಿಗೆ ಅಮೆರಿಕದವರು 2005ರಲ್ಲಿ ತಾಮ್ರದ ಗುಂಡು ಹೊಡೆದದ್ದನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಸೌರವ್ಯೂಹ ಹುಟ್ಟಿದಾಗಿನಿಂದ ಯಾರೂ ಮುಟ್ಟದ ವಸ್ತುವನ್ನು ಒಡೆದು ನೋಡುವುದು ವಿವೇಕವೇ? ಅದು ದಾರಿ ತಪ್ಪಿ ಇತ್ತ ಬಂದಿದ್ದರೆ ಗತಿಯೇನು? ದೂರದಿಂದ ನೋಡಿದರೆ, ಇಲ್ಲವೇ ಮೆಲ್ಲಗೆ ಇಳಿದು ನೋಡಿದರೆ ಸಾಲದೇ?"
– ನಿವೃತ್ತ ಶಿಕ್ಷಕರೊಬ್ಬರು, ಸಾಗರ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ಮೂರು ಪ್ರಶ್ನೆಗಳನ್ನು ಮೂರೇ ಸಾಲಿನಲ್ಲಿ ಕೇಳಿದ್ದೀರಿ. ನಿಮ್ಮ ತರಗತಿಯಲ್ಲಿ ಕೂತವರು ಪುಣ್ಯವಂತರು. ಮುಟ್ಟದ ವಸ್ತುವನ್ನು ಮುಟ್ಟುವ ಮೊದಲು ಒಮ್ಮೆ ತಡೆದು ಯೋಚಿಸಬೇಕು ಎಂಬ ನಿಮ್ಮ ಮಾತಿಗೆ ನಮ್ಮ ಒಪ್ಪಿಗೆಯಿದೆ. ಬೇರೆ ಲೋಕಗಳನ್ನು ಕಲುಷಿತಗೊಳಿಸದಂತೆ ನೌಕೆ ಕಳಿಸುವವರು ಪಾಲಿಸಬೇಕಾದ ಅಂತರರಾಷ್ಟ್ರೀಯ ನಿಯಮಗಳಿವೆ, ಅವು ಇರಲೇಬೇಕು. ಆದರೆ ಟೆಂಪಲ್-1ರ ವಿಷಯದಲ್ಲಿ ನಿಮ್ಮ ಆತಂಕ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಲೆಕ್ಕವನ್ನೇ ಮಾಡೋಣ.

ಹೊಡೆದ ಗುಂಡಿನ ತೂಕ ಸುಮಾರು 370 ಕಿಲೋ, ವೇಗ ಸೆಕೆಂಡಿಗೆ 10 ಕಿ.ಮೀ.ಗಿಂತ ತುಸು ಹೆಚ್ಚು. ಆ ಡಿಕ್ಕಿಯ ಶಕ್ತಿ ಹತ್ತಿರ ಹತ್ತಿರ 5 ಟನ್ ಟಿಎನ್‌ಟಿ ಸ್ಫೋಟಕ ಸಿಡಿದಷ್ಟು. ಕೇಳಲು ದೊಡ್ಡದು. ಆದರೆ ಎದುರಿಗಿದ್ದದ್ದು ಉದ್ದ 7.6 ಕಿ.ಮೀ., ಅಗಲ 4.9 ಕಿ.ಮೀ. ಇರುವ ಒಡಲು. ಅದರ ವೇಗದಲ್ಲಾದ ಬದಲಾವಣೆ ಸೆಕೆಂಡಿಗೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಆ ವೇಗದಲ್ಲಿ ಹೊರಟರೆ ವರ್ಷವಿಡೀ ನಡೆದರೂ ಸಾಗುವುದು ಸುಮಾರು ಮೂರು ಮೀಟರು ಅಷ್ಟೆ. ಸೂರ್ಯನಿಗೆ ಅದು ಅತಿ ಹತ್ತಿರ ಬರುವ ದೂರ 10 ಮೀಟರಿನಷ್ಟು ತಗ್ಗಬಹುದು ಎಂದು ಮೊದಲೇ ಲೆಕ್ಕ ಹಾಕಿದ್ದರು. ಹಾಗೆ ಹತ್ತಿರ ಬಂದಾಗಲೂ ಅದು ಸೂರ್ಯನಿಂದ ಭೂಮಿಗಿರುವ ದೂರದ ಒಂದೂವರೆ ಪಟ್ಟು ಆಚೆ ಇರುತ್ತಿತ್ತು. ನಮ್ಮ ದಾರಿಯನ್ನು ಅದು ದಾಟುವುದೇ ಇಲ್ಲ.

ಈಗ ಗುರುಗ್ರಹವನ್ನು ನೋಡಿ. ವಿಲ್‌ಹೆಲ್ಮ್ ಟೆಂಪಲ್ 1867ರಲ್ಲಿ ಫ್ರಾನ್ಸಿನ ಮಾರ್ಸೇಯಿಂದ ಈ ಧೂಮಕೇತುವನ್ನು ಕಂಡುಹಿಡಿದರು. 1881ರಲ್ಲಿ ಅದು ಗುರುವಿನ ಬಳಿ ಹಾದುಹೋದಾಗ ಕಕ್ಷೆ ಎಷ್ಟು ಬದಲಾಯಿತೆಂದರೆ ಖಗೋಳಜ್ಞರಿಗೆ ಅದು ಕಾಣೆಯೇ ಆಯಿತು, ಮತ್ತೆ ಸಿಕ್ಕಿದ್ದು 1967ರಲ್ಲಿ. 2024ರ ಮೇ ತಿಂಗಳಲ್ಲಿ ಗುರು ಮತ್ತೊಮ್ಮೆ ಸೆಳೆದು, ಸೂರ್ಯನಿಗೆ ಅತಿ ಹತ್ತಿರದ ಅದರ ದೂರವನ್ನು ಮೂರು ಕೋಟಿ ಕಿ.ಮೀ.ಗೂ ಹೆಚ್ಚು ಆಚೆ ತಳ್ಳಿದೆ. ನಮ್ಮದು ಹತ್ತು ಮೀಟರು, ಗುರುವಿನದು ಮೂರು ಕೋಟಿ ಕಿಲೋಮೀಟರು. ನಾವು ಕೆಡಿಸಿದೆವು ಎಂದು ಕೊರಗುವುದಕ್ಕೆ ಇಲ್ಲಿ ಜಾಗವೇ ಇಲ್ಲ.

ದೂರದಿಂದ ನೋಡಿದರೆ ಸಾಲದೇ ಎಂದಿದ್ದೀರಿ. ಮಲೆನಾಡಿನವರು ನೀವು, ಹಲಸಿನ ಹಣ್ಣನ್ನು ದೂರದಿಂದ ನೋಡಿ ಮನೆಗೆ ತಂದವರಲ್ಲ. ಬೆರಳಿನಿಂದ ತಟ್ಟಿ ಸದ್ದು ಕೇಳುತ್ತೀರಿ. ಧೂಮಕೇತುವಿನ ಕಷ್ಟವೂ ಅದೇ. ಸೂರ್ಯನ ಬಳಿ ಬಂದು ಬಂದು ಅದರ ಮೇಲ್ಮೈ ಬೆಂದು ಹೋಗಿರುತ್ತದೆ. ದೂರದ ದೂರದರ್ಶಕಕ್ಕೆ ಸಿಗುವುದು ಆ ಬೆಂದ ಸಿಪ್ಪೆಯಿಂದ ಹೊರಟ ಅನಿಲ ಮತ್ತು ಧೂಳು ಮಾತ್ರ. ಹುಟ್ಟಿದಾಗಿನ ಸರಕು ಇರುವುದು ಸಿಪ್ಪೆಯ ಕೆಳಗೆ.

ಗುಂಡು ಹೊಡೆದ ಆ ಯೋಜನೆಯ ಹೆಸರು ಡೀಪ್ ಇಂಪ್ಯಾಕ್ಟ್. ಮುಖ್ಯ ವಿಜ್ಞಾನಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮೈಕೆಲ್ ಅಹರ್ನ್. ಗುಂಡಿನ ತೂಕದ ಅರ್ಧದಷ್ಟನ್ನು ತಾಮ್ರದಲ್ಲೇ ಮಾಡಿದ್ದರು, ಅದರಲ್ಲಿ 113 ಕಿಲೋ ಮೂತಿಯ ಕಡೆ ಜೋಡಿಸಿದ ತಾಮ್ರದ ದಪ್ಪ ಫಲಕಗಳು. ತಾಮ್ರವೇ ಏಕೆ? ಡಿಕ್ಕಿಯಲ್ಲಿ ಗುಂಡೂ ಆವಿಯಾಗುತ್ತದೆ. ಅಲ್ಯೂಮಿನಿಯಂ ಆಗಿದ್ದರೆ ಅದು ಧೂಮಕೇತುವಿನ ನೀರಿನೊಂದಿಗೆ ಕೂಡಿ ಉರಿದು, ರೋಹಿತದಲ್ಲಿ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯಲ್ಲಿ, ತನ್ನದೇ ಬೆಳಕು ತುಂಬಿ, ಯಾವ ವಸ್ತುವೆಂದು ಹೇಳುವ ಗೆರೆಗಳನ್ನು ಮುಚ್ಚುತ್ತಿತ್ತು. ತಾಮ್ರ ನೀರಿನ ಸಹವಾಸಕ್ಕೆ ಅಷ್ಟಾಗಿ ಹೋಗುವುದಿಲ್ಲ, ಧೂಮಕೇತುವಿನಲ್ಲಿ ಅದು ಇರುವ ನಿರೀಕ್ಷೆಯೂ ಇರಲಿಲ್ಲ. ಹೀಗಾಗಿ ಕಂಡದ್ದರಲ್ಲಿ ನಮ್ಮದು ಯಾವುದು, ಅದರದು ಯಾವುದು ಎಂದು ಬಿಡಿಸಬಹುದಿತ್ತು. ಒಡೆಯಲು ಹೊರಟವರಿಗೆ ಇಷ್ಟು ಎಚ್ಚರ ಎಲ್ಲಿರುತ್ತದೆ, ಮೇಷ್ಟ್ರೇ? ಇದು ಕೇಳಲು ಹೊರಟವರ ಎಚ್ಚರ.

ಡಿಕ್ಕಿಗೆ 24 ಗಂಟೆ ಮೊದಲು ತಾಯಿನೌಕೆ ಗುಂಡನ್ನು ಬಿಟ್ಟಿತು. ಆಮೇಲೆ ತನ್ನ ವೇಗವನ್ನು ಸೆಕೆಂಡಿಗೆ 102 ಮೀಟರ್ ತಗ್ಗಿಸಿ, 500 ಕಿ.ಮೀ. ದೂರದಿಂದ ಹಾದುಹೋಗುವಂತೆ ಪಕ್ಕಕ್ಕೆ ಸರಿಯಿತು. ಭೂಮಿಯಿಂದ ದೂರ 13.3 ಕೋಟಿ ಕಿ.ಮೀ., ಬೆಳಕಿಗೇ ಏಳು ನಿಮಿಷಕ್ಕೂ ಹೆಚ್ಚು ಬೇಕು. ಇಲ್ಲಿಂದ ಹೇಳಿ ದಾರಿ ತಿದ್ದುವಷ್ಟು ಸಮಯವಿಲ್ಲ. ಹಾಗಾಗಿ ಕೊನೆಯ ಎರಡು ಗಂಟೆ ಗುಂಡು ತನ್ನ ಕ್ಯಾಮೆರಾದಲ್ಲಿ ತಾನೇ ನೋಡಿ ಗುರಿ ಹಿಡಿಯಿತು. ಡಿಕ್ಕಿಗೆ ಸುಮಾರು 90, 35 ಮತ್ತು 12 ನಿಮಿಷ ಇರುವಾಗ ಮೂರು ಬಾರಿ ದಾರಿ ತಿದ್ದಿಕೊಂಡಿತು. 2005ರ ಜುಲೈ 4, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 11 ಗಂಟೆ 22 ನಿಮಿಷಕ್ಕೆ ಡಿಕ್ಕಿಯ ಬೆಳಕು ಭೂಮಿಗೆ ಮುಟ್ಟಿತು. ನಮಗೆ ಹಗಲು, ಆ ಗಳಿಗೆ ನಮ್ಮ ದೂರದರ್ಶಕಗಳಿಗೆ ದಕ್ಕಲಿಲ್ಲ.

ಎಡವಿದ್ದು ಇಲ್ಲಿ. ತಾಯಿನೌಕೆಯ 30 ಸೆಂ.ಮೀ. ದೂರದರ್ಶಕ ಉಡಾವಣೆಯ ನಂತರ ನೋಡಿದರೆ ಫೋಕಸ್ ತಪ್ಪಿತ್ತು. ಮಸುಕನ್ನು ಗಣಿತದಿಂದ ತಿದ್ದುವ ವಿಧಾನವಿದೆ. ಆದರೆ ಅದು ಕೆಲಸ ಮಾಡಬೇಕಾದರೆ ಚಿತ್ರದಲ್ಲಿ ಬೆಳಕು-ನೆರಳಿನ ವ್ಯತ್ಯಾಸ ಚೆನ್ನಾಗಿರಬೇಕು. ಎದ್ದ ಧೂಳೋ, ನಿರೀಕ್ಷೆಗೂ ಮೀರಿ ನುಣ್ಣಗಿತ್ತು, ಮುಖದ ಪೌಡರಿನ ಹಾಗೆ. ಅದೇ ಪರದೆಯಾಗಿ ಕುಳಿಯನ್ನು ಮುಚ್ಚಿತು. ನೌಕೆಗೆ ನೋಡಲು ಇದ್ದದ್ದು 800 ಸೆಕೆಂಡು. ಆಮೇಲೆ ಧೂಳಿನ ಕಣಗಳ ಏಟು ತಪ್ಪಿಸಲು ಕ್ಯಾಮೆರಾ ತಿರುಗಿಸಿ ರಕ್ಷಾಫಲಕವನ್ನು ಮುಂದೊಡ್ಡಲೇಬೇಕಿತ್ತು. ತಾನೇ ಕೊರೆಸಿದ ಕುಳಿಯನ್ನು ನೋಡದೆಯೇ ಆ ನೌಕೆ ಮುಂದೆ ಸಾಗಿತು.

ಆದರೆ ಆ ಧೂಳೇ ಉತ್ತರವೂ ಆಯಿತು. ಅಷ್ಟು ನುಣುಪಾದ ಪುಡಿ ಅಷ್ಟು ಸಲೀಸಾಗಿ ಎದ್ದಿತೆಂದರೆ ಒಡಲು ಬಂಡೆಯಲ್ಲ, ಬಹುಪಾಲು ಪೊಳ್ಳು. ಎಂಟು ಕೋಟಿ ಕಿ.ಮೀ. ದೂರದಲ್ಲಿದ್ದ ಯುರೋಪಿನ ರೊಸೆಟ್ಟಾ ನೌಕೆಯೂ ಅತ್ತ ಕಣ್ಣಿಟ್ಟಿತ್ತು. ಅದರ ಅಳತೆಯಲ್ಲಿ ಹೊರಬಿದ್ದ ನೀರು ಸುಮಾರು 4,600 ಟನ್, ಧೂಳು ಅದಕ್ಕಿಂತ ಹೆಚ್ಚು. ಧೂಮಕೇತು ಎಂದರೆ ಕೊಳೆ ಮೆತ್ತಿದ ಹಿಮದುಂಡೆ ಎಂದು ನೀವೂ ನಾವೂ ಮಕ್ಕಳಿಗೆ ಹೇಳಿಕೊಡುತ್ತಿದ್ದೆವಲ್ಲ, ಇದು ಹಿಮ ಬೆರೆತ ಮಣ್ಣುಂಡೆ ಎಂದಾಯಿತು. ಯಾವ ದೂರದರ್ಶಕ ಎಷ್ಟು ವರ್ಷ ನೋಡಿದ್ದರೂ, ತಟ್ಟದೆ ಈ ಮಾತು ಹೇಳುವ ಧೈರ್ಯ ಬರುತ್ತಿರಲಿಲ್ಲ.

ಮೆಲ್ಲಗೆ ಇಳಿಯುವುದನ್ನೂ ಮಾಡಿ ನೋಡಿದ್ದಾರೆ. 2014ರ ನವೆಂಬರ್ 12ರಂದು ರೊಸೆಟ್ಟಾದಿಂದ ಹೊರಟ ಫಿಲೇ ಎಂಬ ಪುಟ್ಟ ನೌಕೆ ಇನ್ನೊಂದು ಧೂಮಕೇತುವಿನ ಮೇಲೆ ಇಳಿಯಿತು. ಕಚ್ಚಿ ಹಿಡಿಯಬೇಕಿದ್ದ ಈಟಿಗಳು ಹಾರಲಿಲ್ಲ. ಅದು ಪುಟಿದು ಪುಟಿದು ಬಿಸಿಲು ಸರಿಯಾಗಿ ಬೀಳದ ಮೂಲೆಯಲ್ಲಿ ಕೂತಿತು. ಅದರ ಸುತ್ತಿಗೆಗೆ ನೆಲ ಜಗ್ಗಲಿಲ್ಲ. ಎರಡು ಮೂರು ದಿನದಲ್ಲಿ ಬ್ಯಾಟರಿ ಮುಗಿಯಿತು. ಆ ಸಾಹಸದ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೆ ಸಿಪ್ಪೆ ಗಟ್ಟಿಯಿದ್ದ ಕಡೆ ಮೃದು ಕೈ ಒಳಗೆ ಹೋಗುವುದಿಲ್ಲ.

ಮೇಷ್ಟ್ರೇ, ನೀವು ಕೇಳಬೇಕಿದ್ದ ಪ್ರಶ್ನೆ ಬೇರೆಯಿತ್ತು ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಹೊಡೆದದ್ದು ಸರಿಯೇ ಎಂದು ಕೇಳಿದಿರಿ. ಹೊಡೆದ ಮೇಲೆ ನಿಂತು ನೋಡಿದವರು ಯಾರು ಎಂದು ಕೇಳಲಿಲ್ಲ. ಟೆಂಪಲ್-1ರ ಕುಳಿ ಕಂಡದ್ದು ಐದೂವರೆ ವರ್ಷದ ಮೇಲೆ. ಅದೂ ಬೇರೊಂದು ಧೂಮಕೇತುವಿನ ಧೂಳು ತಂದುಕೊಟ್ಟು ಕೆಲಸ ಮುಗಿಸಿದ್ದ ಸ್ಟಾರ್‌ಡಸ್ಟ್ ಎಂಬ ಹಳೆಯ ನೌಕೆಯಿಂದ. ಅಲ್ಲಿಗೆ ಹೋಗುವುದಷ್ಟೇ ಸಾಲದು. ಧೂಮಕೇತು ತನ್ನ ಸುತ್ತ ತಿರುಗಲು ಸುಮಾರು 41 ಗಂಟೆ ತೆಗೆದುಕೊಳ್ಳುತ್ತದೆ, ಆ ಗತಿಯೂ ನಿಧಾನವಾಗಿ ಬದಲಾಗುತ್ತದೆ. ಐದು ವರ್ಷದ ತಿರುಗಾಟವನ್ನು ಮುಂದಾಗಿ ಲೆಕ್ಕ ಹಾಕಿ, ಕುಳಿಯಿರುವ ಮಗ್ಗುಲು ಬಿಸಿಲಿಗೆ ಬರುವ ಹೊತ್ತಿಗೇ ತಲುಪಬೇಕು. ಅದಕ್ಕಾಗಿ ಒಂದು ವರ್ಷ ಮೊದಲೇ ಎಂಜಿನ್ ಉರಿಸಿ ಭೇಟಿಯನ್ನು ಎಂಟು ಗಂಟೆ ಚಿಲ್ಲರೆ ಮುಂದಕ್ಕೆ ಹಾಕಿದರು. 2011ರ ಫೆಬ್ರುವರಿಯಲ್ಲಿ ಸುಮಾರು 180 ಕಿ.ಮೀ. ದೂರದಿಂದ ನೋಡಿದಾಗ ಕಂಡದ್ದು ಸುಮಾರು 150 ಮೀಟರ್ ಅಗಲದ ಮಾಸಿದ ಕುಳಿ, ನಡುವೆ ಮೇಲೆದ್ದು ಮತ್ತೆ ಬಿದ್ದ ಮಣ್ಣಿನ ಸಣ್ಣ ದಿಬ್ಬ. ಮುಂದಿನ ತಿಂಗಳು ಇಂಧನ ತೀರಿ ಸ್ಟಾರ್‌ಡಸ್ಟ್ ಮೌನವಾಯಿತು. ಅಷ್ಟು ಅಂಚಿನಲ್ಲಿ ದಕ್ಕಿದ ಉತ್ತರ ಅದು.

ಡೀಪ್ ಇಂಪ್ಯಾಕ್ಟ್ ತಾಯಿನೌಕೆಯ ಕಥೆ ನಮ್ಮ ಊರಿಗೂ ತಾಗುತ್ತದೆ. 2009ರ ಜೂನ್‌ನಲ್ಲಿ ಅದು ಚಂದ್ರನತ್ತ ತನ್ನ ರೋಹಿತಮಾಪಕ ತಿರುಗಿಸಿತು. ಬೆಂಗಳೂರಿನಲ್ಲಿ ಸಿದ್ಧವಾದ ಚಂದ್ರಯಾನ-1ರ ಮೇಲಿದ್ದ ನಾಸಾ ಉಪಕರಣ ಚಂದ್ರನ ಮೇಲ್ಮೈಯಲ್ಲಿ ಕಂಡಿದ್ದ ನೀರು ಮತ್ತು ಹೈಡ್ರಾಕ್ಸಿಲ್ (ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ) ಗುರುತನ್ನು ದೃಢಪಡಿಸಿದ್ದು ಇದೇ ನೌಕೆ. ಚಂದ್ರಯಾನವೂ ತಟ್ಟಿತ್ತಲ್ಲವೇ? 2008ರ ನವೆಂಬರ್ 14ರಂದು ಸುಮಾರು 35 ಕಿಲೋದ ಪೆಟ್ಟಿಗೆ 25 ನಿಮಿಷ ಬಿದ್ದು ಚಂದ್ರನ ದಕ್ಷಿಣ ಧ್ರುವದ ಬಳಿ ಅಪ್ಪಳಿಸಿತು. ಬೀಳುತ್ತಲೇ ಅದರೊಳಗಿನ ಪುಟ್ಟ ಉಪಕರಣ ನೀರಾವಿಯ ಸುಳಿವು ಹಿಡಿದಿತ್ತು. ಆ ಫಲಿತಾಂಶ ಪ್ರಬಂಧವಾಗಿ ಪ್ರಕಟವಾದದ್ದು 2010ರಲ್ಲಿ. ಅಷ್ಟರಲ್ಲಿ ಚಂದ್ರನ ನೀರಿನ ಸುದ್ದಿ ಲೋಕವೆಲ್ಲ ಸುತ್ತಿ ಬಂದಾಗಿತ್ತು. ಧ್ವಜದ ಚಿತ್ರವಿದ್ದ ಪೆಟ್ಟಿಗೆ ಬಿದ್ದದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಅದು ಏನು ಕಂಡಿತೆಂದು ಎಷ್ಟು ಜನರಿಗೆ ಗೊತ್ತು?

ನಮ್ಮ ನೋವು ಇದೇ. ಉಡಾವಣೆಗೆ ನೇರ ಪ್ರಸಾರವಿದೆ, ಡಿಕ್ಕಿಗೆ ಮುಖಪುಟವಿದೆ. ಬಂದ ಅಂಕಿಗಳ ಮುಂದೆ ಐದು ವರ್ಷ ಕೂರುವವರಿಗೆ ಸಂಬಳವಿಲ್ಲ, ಸುದ್ದಿಯಲ್ಲಿ ಒಂದು ಕಾಲಂ ಇಲ್ಲ. ಗ್ರಹಣ ಬಂದರೆ ಟಿ.ವಿ.ಗಳಲ್ಲಿ ರಾಶಿಫಲಕ್ಕೆ ಇಡೀ ದಿನ ಸಿಗುತ್ತದೆ, ಗ್ರಹಣದ ದಿನ ಏನು ಅಳೆದರು ಎಂಬುದಕ್ಕೆ ಐದು ನಿಮಿಷ ಸಿಗುವುದಿಲ್ಲ. ಟೆಂಪಲ್-1ಕ್ಕೆ ಹೊಡೆದು ವಿಶ್ವದ ಸಮತೋಲ ಕೆಡಿಸಿದರೆಂದು ಮಾಸ್ಕೋದ ಜ್ಯೋತಿಷಿಯೊಬ್ಬರು ನಾಸಾ ಮೇಲೆ 30 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದ್ದು ಪತ್ರಿಕೆಗಳಲ್ಲಿ ಓಡಿತು. ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನೀರಿಗಿಂತ ಧೂಳು ಹೆಚ್ಚೆಂಬ ಫಲಿತಾಂಶ ನಮ್ಮ ಎಷ್ಟು ಪಠ್ಯಪುಸ್ತಕಗಳಿಗೆ ಇಳಿದಿದೆ? ನೋಡಿಕೊಳ್ಳುವವರಿಲ್ಲದ ಯಂತ್ರದ ಗತಿಯೇನೆಂದು ಆ ತಾಯಿನೌಕೆಯೇ ತೋರಿಸಿತು. ಅದರ ಕಂಪ್ಯೂಟರು 2000ದ ಜನವರಿ 1ರಿಂದ ಸೆಕೆಂಡಿನ ಹತ್ತನೇ ಒಂದು ಭಾಗಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತಿತ್ತು. ಆ ಎಣಿಕೆ 429 ಕೋಟಿ ದಾಟಿ ತುಂಬಿದ್ದು 2013ರ ಆಗಸ್ಟ್ 11ರಂದು. ಆ ಗಂಟಿನಲ್ಲಿ ಕಂಪ್ಯೂಟರು ಸಿಕ್ಕಿಬಿದ್ದು ನೌಕೆ ಕೈತಪ್ಪಿತು ಎಂಬುದೇ ತಜ್ಞರ ಊಹೆ. ತುಂಬುವ ದಿನ ಯಾವುದೆಂದು ಮೊದಲೇ ಕಾಗದದ ಮೇಲೆ ಕೂಡಿಸಿ ತಿಳಿಯಬಹುದಾಗಿದ್ದ ಲೆಕ್ಕ.

ಎಚ್ಚರ ಬೇಕಾದದ್ದು ಸಣ್ಣ ಒಡಲುಗಳ ವಿಷಯದಲ್ಲಿ, ಮೇಷ್ಟ್ರೇ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಅಪ್ಪಳಿಸಿದ ಡೈಮಾರ್ಫೋಸ್ ಎಂಬ ಪುಟ್ಟ ಕ್ಷುದ್ರಗ್ರಹ ಬರೀ 160 ಮೀಟರಿನದು. ಸೆಕೆಂಡಿಗೆ ಆರು ಕಿ.ಮೀ. ವೇಗದ ಏಟಿಗೆ ತನ್ನ ದೊಡ್ಡ ಜೊತೆಗಾರನನ್ನು ಒಮ್ಮೆ ಸುತ್ತಲು ಅದಕ್ಕೆ ಬೇಕಿದ್ದ 11 ಗಂಟೆ 55 ನಿಮಿಷ ಅರ್ಧ ಗಂಟೆಗೂ ಹೆಚ್ಚು ತಗ್ಗಿತು. ಅಲ್ಲಿ ದಾರಿ ನಿಜಕ್ಕೂ ಬದಲಾಗುತ್ತದೆ. ಅದಕ್ಕೇ ದೊಡ್ಡ ಕ್ಷುದ್ರಗ್ರಹವೊಂದನ್ನು ಸುತ್ತುವ ಮರಿಯನ್ನು ಆರಿಸಿದ್ದರು: ಏಟಿನ ಫಲ ಬಹುಮಟ್ಟಿಗೆ ಆ ಜೋಡಿಯೊಳಗೇ ಉಳಿಯುತ್ತದೆ, ಭೂಮಿಯಿಂದ ಅಳೆಯಲೂ ಬರುತ್ತದೆ. ಆದರೆ ಮರಿಯ ತೂಕ ಇನ್ನೂ ಯಾರೂ ನೇರವಾಗಿ ಅಳೆದಿಲ್ಲ, ಊಹಿಸಿ ಲೆಕ್ಕ ಹಾಕಿದ್ದಾರೆ. ಅಳೆಯಲು ಯುರೋಪಿನ ಹೇರಾ ನೌಕೆ 2024ರ ಅಕ್ಟೋಬರ್ 7ರಂದು ಹೊರಟಿದೆ, 2026ರ ಕೊನೆಯ ಹೊತ್ತಿಗೆ ತಲುಪಬೇಕು. ಜೊತೆಗೆ ಎರಡು ಪುಟ್ಟ ನೌಕೆಗಳಿವೆ, ಒಂದರಲ್ಲಿ ಒಡಲೊಳಗೆ ನೋಡುವ ರೇಡಾರ್ ಇದೆ. ಕುಳಿಯ ಅಗಲ, ಮರಿಯ ತೂಕ, ಒಳಗಿನ ಪೊಳ್ಳು, ಇವು ಬಂದ ತಿಂಗಳೇ ಈ ಪುಟದಲ್ಲಿ ಅಂಕಿಗಳ ಸಮೇತ ಅಚ್ಚು ಹಾಕುತ್ತೇವೆ. ಅಷ್ಟರೊಳಗೆ ಇನ್ನೊಂದು ಪತ್ರ ಬರೆಯಿರಿ.